ಮೂರನೆಯ ಪಾಲುದಾರ



ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬ ಬಂತೆಂದರೆ ಊರೂರಲ್ಲೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮರದ ಎತ್ತರದಲ್ಲಿ ಕಾಯಿ, ಕೆಳಗೆ ಕೋವಿ ಹಿಡಿದು ನಿಂತವರ ಸಾಲು. ಮೊದಲ ಸಲ ಕೋವಿ ಎತ್ತಿದ ಹುಡುಗನಿಗೆ ಪಕ್ಕದಲ್ಲಿರುವ ಹಿರಿಯರು ಗುರಿಯ ವಿಚಾರಕ್ಕಿಂತ ಮೊದಲು ಭುಜದ ವಿಚಾರ ಹೇಳುತ್ತಾರೆ. ಕೋವಿಯ ಬುಡವನ್ನು ಭುಜಕ್ಕೆ ಗಟ್ಟಿಯಾಗಿ ಒತ್ತಿಕೋ, ಸಡಿಲ ಬಿಟ್ಟೆಯೋ ಒದೆಯುತ್ತದೆ, ಎಂದು. ಆ ಒದೆತವೇ ಇವತ್ತಿನ ನನ್ನ ಮಾತಿನ ವಿಷಯ. ಒಟ್ಟಿಗಿದ್ದ ಎರಡು ವಸ್ತುಗಳು ಒಂದನ್ನೊಂದು ತಳ್ಳಿ ದೂರವಾದಾಗ ಯಾರಿಗೆ ಎಷ್ಟು ಸಿಗುತ್ತದೆ? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಇದರ ಉತ್ತರವನ್ನು ಹಿಡಿದು ಹೊರಟವರು ಕೊನೆಗೆ ನಮ್ಮ ಕೋಲಾರದ ಚಿನ್ನದ ಗಣಿಯ ತಳಕ್ಕೂ ಇಳಿಯಬೇಕಾಯಿತು.

ಬಾನುಲಿಯಲ್ಲಿ ಕಪ್ಪು ಹಲಗೆಯಿಲ್ಲ. ಅದಕ್ಕೇ ಬಾಯಿಲೆಕ್ಕಕ್ಕೆ ಒಗ್ಗುವ ಅಂಕಿಗಳನ್ನು ತೆಗೆದುಕೊಳ್ಳುತ್ತೇನೆ. ಕೋವಿಯ ತೂಕ 4 ಕಿಲೋ. ಗುಂಡಿನ ತೂಕ 10 ಗ್ರಾಂ. ಅಂದರೆ ಕೋವಿ ಗುಂಡಿಗಿಂತ 400 ಪಟ್ಟು ಭಾರ. ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟಿತು ಎನ್ನಿ. ಮದ್ದಿನ ಅನಿಲದ ಲೆಕ್ಕವನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಕೋವಿ ಹಿಂದಕ್ಕೆ ಬರುವ ವೇಗ ಇದರ 400ನೇ ಒಂದು ಪಾಲು, ಸೆಕೆಂಡಿಗೆ 2 ಮೀಟರ್. ತೂಕವನ್ನು ವೇಗದಿಂದ ಗುಣಿಸಿದರೆ ಬರುವುದು ಸಂವೇಗ. ಗುಂಡಿಗೆ 8, ಕೋವಿಗೂ 8. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ದಿಕ್ಕನ್ನೂ ಸೇರಿಸಿ ಕೂಡಿದರೆ ಮೊತ್ತ ಸೊನ್ನೆ, ಕುದುರೆ ಎಳೆಯುವ ಮೊದಲು ಇದ್ದಂತೆಯೇ.

ಇಲ್ಲಿಯವರೆಗೆ ನ್ಯಾಯ ಸರಿಯಾಗಿದೆ. ಇನ್ನು ಶಕ್ತಿಯ ಲೆಕ್ಕ ನೋಡಿ. ಗುಂಡಿಗೆ 3,200 ಜೌಲ್. ಕೋವಿಗೆ ಬರೇ 8 ಜೌಲ್! ಮದ್ದು ಒಂದೇ, ಸಿಡಿದದ್ದು ಒಂದೇ ಸಲ, ಸಂವೇಗ ಸಮಸಮ. ಆದರೆ ಶಕ್ತಿಯಲ್ಲಿ ಒಬ್ಬನಿಗೆ ನಾನೂರು ಪಾಲು, ಇನ್ನೊಬ್ಬನಿಗೆ ಒಂದು. ಅಣ್ಣತಮ್ಮಂದಿರು ಬೇರೆಯಾಗುವಾಗ ಜಮೀನನ್ನು ಸರಿಯಾಗಿ ಎರಡು ಮಾಡಿ, ಒಡವೆಯನ್ನೆಲ್ಲ ತಮ್ಮನಿಗೇ ಕೊಟ್ಟ ವಿಭಾಗಪತ್ರದಂತಿದೆ ಇದು.

ಯಾಕೆ ಹೀಗೆ? ಸೂತ್ರ ಬರೆದು ತೋರಿಸಬಹುದು, ಆದರೆ ನನಗೆ ಮೆಚ್ಚಿಗೆಯಾಗುವ ವಿವರಣೆ ಬೇರೆ. ನಳಿಗೆಯೊಳಗೆ ಅನಿಲ ಗುಂಡನ್ನು ಎಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೋ ಅಷ್ಟೇ ಬಲದಿಂದ ಕೋವಿಯನ್ನು ಹಿಂದಕ್ಕೆ ತಳ್ಳುತ್ತದೆ. ತಳ್ಳುವ ಹೊತ್ತೂ ಇಬ್ಬರಿಗೂ ಒಂದೇ. ಬಲವನ್ನು ಕಾಲದಿಂದ ಗುಣಿಸಿದರೆ ಸಂವೇಗ, ಹಾಗಾಗಿ ಅದು ಸಮ. ಶಕ್ತಿಗೆ ಬೇಕಾದದ್ದು ಕಾಲವಲ್ಲ, ದೂರ. ಬಲ ಎಷ್ಟು ದೂರ ತಳ್ಳಿಕೊಂಡು ಹೋಯಿತು ಎಂಬುದು. ಗುಂಡು 60 ಸೆಂಟಿಮೀಟರ್ ನಳಿಗೆಯನ್ನು ದಾಟಿ ಹೊರಬೀಳುವ ಹೊತ್ತಿಗೆ ಕೋವಿ ಹಿಂದಕ್ಕೆ ಸರಿದಿರುವುದು ಒಂದೂವರೆ ಮಿಲಿಮೀಟರ್ ಮಾತ್ರ. ಅದೇ ಬಲ ಒಬ್ಬನ ಜೊತೆ ನಳಿಗೆಯ ಉದ್ದಕ್ಕೂ ಓಡಿತು, ಇನ್ನೊಬ್ಬನ ಜೊತೆ ಅಲ್ಲೇ ಕಾಲು ಕದಲಿಸಿತು. ಭಾರವಾದದ್ದು ಮಿಸುಕುವುದಿಲ್ಲ, ಹಾಗಾಗಿ ಅದರ ಮೇಲೆ ಕೆಲಸ ನಡೆಯುವುದಿಲ್ಲ. ಹಗುರಾದದ್ದು ಓಡುತ್ತದೆ, ಶಕ್ತಿಯನ್ನು ಬಾಚಿಕೊಳ್ಳುತ್ತದೆ.

ಹಿರಿಯರ ಬುದ್ಧಿಮಾತಿಗೂ ಇದೇ ಆಧಾರ. ಕೋವಿಯನ್ನು ಭುಜಕ್ಕೆ ಒತ್ತಿಕೊಂಡರೆ ಹಿಂದಕ್ಕೆ ಬರಬೇಕಾದದ್ದು 4 ಕಿಲೋ ಕೋವಿ ಒಂದೇ ಅಲ್ಲ, ಹಿಡಿದವನೂ ಸೇರಿ 64 ಕಿಲೋ ಎನ್ನಿ. ಸಂವೇಗ ಆಗಲೂ ಅದೇ 8, ಅದರಿಂದ ಯಾರಿಗೂ ತಪ್ಪಿಸಿಕೊಳ್ಳಲು ಆಗದು. ಆದರೆ ಶಕ್ತಿ 8 ಜೌಲ್‌ನಿಂದ ಅರ್ಧ ಜೌಲ್‌ಗೆ ಇಳಿಯುತ್ತದೆ. ಮನುಷ್ಯನ ಮೈ ಮರದ ದಿಮ್ಮಿಯಲ್ಲ, ಆದ್ದರಿಂದ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ, ನಿಜ. ಭುಜ ನೋಯುವುದೂ ಬಿಡುವುದೂ ಮಾತ್ರ ಇದರ ಮೇಲೆಯೇ ನಿಂತಿದೆ. ರಾಕೆಟ್ಟಿನ ಕಥೆಯೂ ಇಂಥದೇ. ನೆಲ ಬಿಟ್ಟ ಮೊದಲ ಕ್ಷಣಗಳಲ್ಲಿ ಶಕ್ತಿಯ ಬಹುಪಾಲು ಹಿಂದಕ್ಕೆ ನುಗ್ಗುವ ಅನಿಲಕ್ಕೇ ಹೋಗುತ್ತದೆ.

ಎರಡು ಬೇರೆ ಬೇರೆ ಲೆಕ್ಕ ಇಡಬೇಕು ಎಂಬುದು ಯುರೋಪಿನ ಪಂಡಿತರಿಗೂ ಒಂದೇ ದಿನದಲ್ಲಿ ಹೊಳೆಯಲಿಲ್ಲ. ಚಲನೆಯ ನಿಜವಾದ ಅಳತೆ ತೂಕ ಗುಣಿಸು ವೇಗ ಎಂದು ಡೆಕಾರ್ಟ್ ಪಂಥದವರು. ಅಲ್ಲ, ತೂಕ ಗುಣಿಸು ವೇಗದ ವರ್ಗ ಎಂದು 1686ರಲ್ಲಿ ಲೈಬ್ನಿಟ್ಸ್. ಜಗಳ ಮುಂದಿನ ಶತಮಾನಕ್ಕೂ ಎಳೆಯಿತು. ಇಬ್ಬರೂ ಹೇಳಿದ್ದು ಬೇಕಾಗಿತ್ತು. ಒಂದಕ್ಕೆ ದಿಕ್ಕು ಸೇರಿಸಬೇಕಿತ್ತು, ಇನ್ನೊಂದನ್ನು ಅರ್ಧ ಮಾಡಬೇಕಿತ್ತು, ಅಷ್ಟೆ.

ಇನ್ನು ಕೋವಿಯನ್ನು ಕೆಳಗಿಟ್ಟು ಪರಮಾಣುವಿನ ಒಳಗೆ ಹೋಗೋಣ. ಅಲ್ಲಿಯೂ ಸಿಡಿತಗಳುಂಟು. ಯುರೇನಿಯಂ ನ್ಯೂಕ್ಲಿಯಸ್ ಒಂದು ಆಲ್ಫಾ ಕಣವನ್ನು ಉಗುಳಿ ಥೋರಿಯಂ ಆಗುತ್ತದೆ. ಆಲ್ಫಾದ ತೂಕ 4, ಥೋರಿಯಂನ ತೂಕ 234. ಒಟ್ಟು ಬಿಡುಗಡೆಯಾಗುವ ಶಕ್ತಿ ಸುಮಾರು 42 ಲಕ್ಷ 70 ಸಾವಿರ ಎಲೆಕ್ಟ್ರಾನ್ ವೋಲ್ಟ್. ಹಂಚಿಕೆ ಹೇಗೆ? ಆಲ್ಫಾಗೆ ಸುಮಾರು 42 ಲಕ್ಷ, ಥೋರಿಯಂಗೆ ಸುಮಾರು 70 ಸಾವಿರ. ಅದೇ ಕೋವಿ, ಅದೇ ಗುಂಡು. ಇಲ್ಲಿ ಗಮನಿಸಬೇಕಾದದ್ದು ಒಂದುಂಟು. ಬೇರೆಯಾಗುವವರು ಇಬ್ಬರೇ ಆದರೆ, ಸಂವೇಗ ಸಮವಾಗಲೇಬೇಕು, ಶಕ್ತಿಯ ಮೊತ್ತ ಗೊತ್ತಿರುವಂಥದ್ದು. ಹಾಗಾಗಿ ಹಂಚಿಕೆಗೆ ಒಂದೇ ಒಂದು ದಾರಿ. ಕೋಟಿ ನ್ಯೂಕ್ಲಿಯಸ್‌ಗಳು ಇದೇ ಬಗೆಯಲ್ಲಿ ಒಡೆದರೂ ಪ್ರತಿ ಸಲ ಆಲ್ಫಾದ ಕೈಗೆ ಅದೇ ಮೊತ್ತ. ಹೆಚ್ಚು ಕಡಿಮೆ ಎನ್ನುವ ಪ್ರಶ್ನೆಯೇ ಇಲ್ಲ.

ಬೀಟಾ ಕಿರಣದ ವಿಷಯದಲ್ಲೂ ಎಲ್ಲರೂ ಇದನ್ನೇ ನಿರೀಕ್ಷಿಸಿದ್ದರು. ಬೀಟಾ ಎಂದರೆ ನ್ಯೂಕ್ಲಿಯಸ್ಸಿನಿಂದ ಹೊರಬೀಳುವ ಎಲೆಕ್ಟ್ರಾನ್. ಹಗುರಾತಿಹಗುರ. ಶಕ್ತಿಯೆಲ್ಲ ಅದಕ್ಕೇ ಹೋಗಬೇಕು, ಅದೂ ಪ್ರತಿ ಸಲ ಒಂದೇ ಮೊತ್ತ. 1914ರಲ್ಲಿ ಬರ್ಲಿನ್ನಿನಲ್ಲಿದ್ದ ಇಂಗ್ಲೆಂಡಿನ ಜೇಮ್ಸ್ ಚಾಡ್ವಿಕ್ ಅಳೆದು ನೋಡಿದರು. ಒಂದೇ ಮೊತ್ತ ಬರಲಿಲ್ಲ. ಒಂದು ಎಲೆಕ್ಟ್ರಾನ್‌ಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ, ಮತ್ತೊಂದಕ್ಕೆ ಎಲ್ಲೋ ನಡುವೆ. ಸೊನ್ನೆಯ ಹತ್ತಿರದಿಂದ ಒಂದು ಮೇಲ್ಮಿತಿಯವರೆಗೆ ಎಲ್ಲ ಬೆಲೆಗಳೂ ಇದ್ದವು. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಚಾಡ್ವಿಕ್ ಜರ್ಮನಿಯಲ್ಲೇ ಸೆರೆಶಿಬಿರ ಸೇರಿದರು.

ಯುದ್ಧ ಮುಗಿದ ಮೇಲೆ ವಾದಕ್ಕೆ ರಂಗು ಬಂತು. ಎಲ್ಲ ಎಲೆಕ್ಟ್ರಾನ್‌ಗಳೂ ಸಮಾನ ಶಕ್ತಿಯಿಂದಲೇ ಹೊರಡುತ್ತವೆ, ದಾರಿಯಲ್ಲಿ ಅಲ್ಲಿ ಇಲ್ಲಿ ತಾಗಿ ಕಳೆದುಕೊಳ್ಳುತ್ತವೆ ಎಂಬುದು ಭೌತವಿಜ್ಞಾನಿ ಲೀಸ ಮೈಟ್ನರ್ ಅವರ ನಿಲುವು. ಹಾಗಾದರೆ ಕಳೆದುಕೊಂಡದ್ದು ಶಾಖವಾಗಿ ಅಲ್ಲೇ ಇರಬೇಕಲ್ಲ? ಕೇಂಬ್ರಿಜ್‌ನ ಎಲ್ಲಿಸ್ ಮತ್ತು ವೂಸ್ಟರ್ ವಿಕಿರಣಶೀಲ ಬಿಸ್ಮತ್ತನ್ನು ಮುಚ್ಚಿದ ಕೋಶದಲ್ಲಿಟ್ಟು, ಒಂದು ಕಣವೂ ಹೊರಗೆ ಹೋಗದಂತೆ ಮಾಡಿ, ಹುಟ್ಟಿದ ಶಾಖವನ್ನೇ ಅಳೆದರು. ಎಲೆಕ್ಟ್ರಾನ್‌ಗಳ ಮೇಲ್ಮಿತಿ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗೂ ಮೇಲೆ. 1927ರಲ್ಲಿ ಅವರು ಪ್ರಕಟಿಸಿದ ಶಾಖದ ಲೆಕ್ಕದಲ್ಲಿ ಪ್ರತಿ ಸಿಡಿತಕ್ಕೆ ಸಿಕ್ಕಿದ್ದು ಸುಮಾರು ಮೂರೂವರೆ ಲಕ್ಷ, ಅಂದರೆ ಎಲೆಕ್ಟ್ರಾನ್‌ಗಳ ಸರಾಸರಿ ಶಕ್ತಿಯಷ್ಟೇ. ಉಳಿದದ್ದು ಕೋಶದೊಳಗೆ ಎಲ್ಲಿಯೂ ಇರಲಿಲ್ಲ. ಮೈಟ್ನರ್ ನಂಬದೆ ತಾವೇ ಇನ್ನೂ ಸೂಕ್ಷ್ಮವಾಗಿ ಪ್ರಯೋಗ ಮಾಡಿದರು. ಅದೇ ಉತ್ತರ ಬಂತು. ತಮ್ಮ ವಾದಕ್ಕೆ ವಿರುದ್ಧವಾದ ಫಲಿತಾಂಶವನ್ನು ಅವರು 1930ರಲ್ಲಿ ಪ್ರಕಟಿಸಿದರು. ಈ ಕಥೆಯಲ್ಲಿ ನನಗೆ ತುಂಬ ಗೌರವ ಹುಟ್ಟಿಸುವ ಘಟ್ಟ ಇದು.

ಈಗ ಏನು ಮಾಡುವುದು? ನೀಲ್ಸ್ ಬೋರ್ ಅಂಥ ದೊಡ್ಡವರೇ, ಪರಮಾಣುವಿನ ಒಳಗೆ ಶಕ್ತಿಯ ಸಂರಕ್ಷಣೆ ಸರಾಸರಿಯಲ್ಲಿ ಮಾತ್ರ ನಿಜವಿರಬಹುದು, ಒಂದೊಂದು ಸಿಡಿತದಲ್ಲೂ ಪಾಲಿಸಬೇಕಾಗಿಲ್ಲವೇನೋ ಎಂದರು. ನನ್ನ ಎಣಿಕೆಯಲ್ಲಿ ಇದು ಲೆಕ್ಕ ಕೂಡಲಿಲ್ಲವೆಂದು ಲೆಕ್ಕದ ಪುಸ್ತಕವನ್ನೇ ಹರಿಯುವ ಮಾತು. ಅದರಲ್ಲೂ ಒಂದು ಸುಳಿವು ಎಲ್ಲರ ಕಣ್ಣೆದುರಿಗೇ ಇತ್ತು. ಸರಾಸರಿಯಲ್ಲಿ ಮಾತ್ರ ಸರಿಹೋಗುವ ಲೆಕ್ಕವಾದರೆ ಕೆಲವು ಸಲ ಕಡಿಮೆ, ಕೆಲವು ಸಲ ಹೆಚ್ಚು ಬರಬೇಕು. ಇಲ್ಲಿ ಬರುತ್ತಿದ್ದದ್ದು ಬರೀ ಕಡಿಮೆ. ಮೇಲ್ಮಿತಿಯನ್ನು ದಾಟಿದ ಎಲೆಕ್ಟ್ರಾನ್ ಒಂದೂ ಇರಲಿಲ್ಲ. ಯಾವಾಗಲೂ ಕಡಿಮೆ ಬೀಳುವ ಹಣ ಎಂದರೆ ಯಾರೋ ಒಯ್ಯುತ್ತಿದ್ದಾರೆ ಎಂದೇ ಅರ್ಥ.

ಹಾಗೆಂದು ಹೇಳಿದವರು ವೋಲ್ಫ್‌ಗಾಂಗ್ ಪೌಲಿ. 1930ರ ಡಿಸೆಂಬರ್ 4ರಂದು ಜ್ಯೂರಿಕ್‌ನಿಂದ ಒಂದು ಕಾಗದ ಬರೆದರು, ಟ್ಯೂಬಿಂಗೆನ್ ಊರಿನಲ್ಲಿ ಸೇರಿದ್ದ ವಿಜ್ಞಾನಿಗಳಿಗೆ. ಮೈಟ್ನರ್ ಅವರೂ ಆ ಗುಂಪಿನಲ್ಲಿದ್ದರು. ಸಭಿಕರನ್ನು ‘ವಿಕಿರಣಶೀಲ’ ಮಹಿಳೆಯರು, ಮಹನೀಯರು ಎಂದು ಕರೆದು ಆರಂಭವಾಗುವ ಆ ಪತ್ರದ ತಿರುಳು ಇಷ್ಟು: ಬೇರೆಯಾಗುವವರು ಇಬ್ಬರಲ್ಲ, ಮೂವರು. ಮೂರನೆಯವನಿಗೆ ವಿದ್ಯುದಂಶವಿಲ್ಲ, ತೂಕ ಬಹಳ ಕಡಿಮೆ, ಅವನನ್ನು ತಡೆದು ಹಿಡಿಯುವುದು ಕಷ್ಟ. ತಾವೇ ಬಂದು ಹೇಳಲಾಗದು, ಜ್ಯೂರಿಕ್‌ನಲ್ಲಿ ಒಂದು ನೃತ್ಯಕೂಟವಿದೆ ಎಂಬ ಕಾರಣವನ್ನೂ ಕೊಟ್ಟರು. ಭೌತವಿಜ್ಞಾನದ ಇಷ್ಟು ದೊಡ್ಡ ಊಹೆ ಒಂದು ಗೈರುಹಾಜರಿ ಪತ್ರದಲ್ಲಿ ಬಂದದ್ದು ಬೇರೆ ಎಲ್ಲೂ ಇರಲಾರದು.

ಮೂವರು ಎಂದ ಕೂಡಲೇ ಗಂಟು ಬಿಚ್ಚುತ್ತದೆ. ಇಬ್ಬರಾದರೆ ಬೆನ್ನಿಗೆ ಬೆನ್ನು ಹಾಕಿ ನೇರ ಎದುರುಬದುರು ಓಡಬೇಕು. ಮೂವರಾದರೆ ಸಂವೇಗಗಳು ತ್ರಿಕೋನದ ಮೂರು ಬದಿಗಳಂತೆ ಕೂಡಿಕೊಂಡರೆ ಸಾಕು, ಅಂಥ ತ್ರಿಕೋನಗಳೋ ಲೆಕ್ಕವಿಲ್ಲದಷ್ಟು. ಭಾರವಾದ ನ್ಯೂಕ್ಲಿಯಸ್ ಸಂವೇಗದ ಲೆಕ್ಕವನ್ನು ಸರಿದೂಗಿಸಿ ಸುಮ್ಮನಾಗುತ್ತದೆ, ಶಕ್ತಿಗೆ ಕೈಹಾಕುವುದಿಲ್ಲ. ಇಬ್ಬರು ಹಗುರಾದವರು ಶಕ್ತಿಯನ್ನು ಒಂದೊಂದು ಸಲ ಒಂದೊಂದು ರೀತಿ ಹಂಚಿಕೊಳ್ಳುತ್ತಾರೆ. ಎನ್ರಿಕೊ ಫರ್ಮಿ 1934ರಲ್ಲಿ ಇದನ್ನು ಗಣಿತವಾಗಿ ನಿಲ್ಲಿಸಿದರು. ಆ ಹೊತ್ತಿಗೆ ಮೂರನೆಯವನಿಗೆ ನ್ಯೂಟ್ರಿನೊ ಎಂಬ ಹೆಸರೂ ನೆಲೆನಿಂತಿತ್ತು.

ಕಾಣದವನನ್ನು ನಂಬುವುದು ಹೇಗೆ? ಇಲ್ಲಿ ನಮ್ಮ ಮೊದಲಿನ ಕೋವಿ ಮತ್ತೆ ಕೆಲಸಕ್ಕೆ ಬರುತ್ತದೆ. ಗುಂಡು ಕಾಣದಿದ್ದರೂ ಒದೆತ ಕಾಣಬೇಕಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯ ಜಪಾನೀ ಸೇನೆಯಿಂದ ತಪ್ಪಿಸಿಕೊಂಡು ಒಳನಾಡಿನ ಗ್ವಿಝೌ ಪ್ರಾಂತ್ಯಕ್ಕೆ ಸ್ಥಳಾಂತರವಾಗಿತ್ತು. ಅಲ್ಲಿದ್ದ ವಾಂಗ್ ಗನ್‌ಚಾಂಗ್ ಪ್ರಯೋಗ ಮಾಡುವ ಸ್ಥಿತಿಯಲ್ಲಿರಲಿಲ್ಲ, ಉಪಾಯ ಬರೆದು ಕಳಿಸಿದರು. 1942ರಲ್ಲಿ ಅದು ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಅಚ್ಚಾಯಿತು. ಕೆಲವು ನ್ಯೂಕ್ಲಿಯಸ್‌ಗಳು ಎಲೆಕ್ಟ್ರಾನನ್ನು ಉಗುಳುವ ಬದಲು, ಸುತ್ತ ತಿರುಗುವ ಎಲೆಕ್ಟ್ರಾನ್ ಒಂದನ್ನು ನುಂಗುತ್ತವೆ. ಬೆರಿಲಿಯಂ–7 ಹಾಗೆ ನುಂಗಿ ಲಿಥಿಯಂ ಆಗುತ್ತದೆ. ಆಗ ಹೊರಡುವುದು ನ್ಯೂಟ್ರಿನೊ ಒಂದೇ. ಮತ್ತೆ ಇಬ್ಬರ ಲೆಕ್ಕ! ನ್ಯೂಟ್ರಿನೊ ನಿಜವಾದರೆ ಲಿಥಿಯಂನ ಒದೆತ ಪ್ರತಿ ಸಲವೂ ಒಂದೇ ಆಗಿರಬೇಕು. ಎಷ್ಟು? 8 ಲಕ್ಷ 62 ಸಾವಿರ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ನ್ಯೂಟ್ರಿನೊ ಬಿಟ್ಟುಕೊಡುವ ಚೂರು, ಬರೇ 57. ಅದನ್ನು ಹಿಡಿಯುವುದು ಸುಲಭವಲ್ಲ. ಜೇಮ್ಸ್ ಅಲೆನ್ ಅದೇ ವರ್ಷ ಬೆರಿಲಿಯಂ ಮೇಲೆ ಪ್ರಯತ್ನಿಸಿ ಒದೆತವನ್ನು ಕಂಡರು. ಆದರೆ ಒಂದೇ ಬೆಲೆಯ ಸ್ಪಷ್ಟ ಒದೆತ ಸಿಕ್ಕಿದ್ದು 1952ರಲ್ಲಿ, ಅವರೂ ರೋಡ್‌ಬ್ಯಾಕ್ ಅವರೂ ಸೇರಿ ಆರ್ಗಾನ್ ಅನಿಲದ ಮೇಲೆ ಮಾಡಿದ ಪ್ರಯೋಗದಲ್ಲಿ. ನಾಲ್ಕು ವರ್ಷದ ನಂತರ, 1956ರಲ್ಲಿ, ಅಮೆರಿಕದ ಸವಾನಾ ನದಿಯ ಬಳಿಯ ಪರಮಾಣು ಸ್ಥಾವರದ ಪಕ್ಕ ರೈನ್ಸ್ ಮತ್ತು ಕೋವನ್ ನ್ಯೂಟ್ರಿನೊ ಬಂದು ಬಡಿದ ಗುರುತನ್ನೇ ಹಿಡಿದರು. ಪೌಲಿಗೆ ತಂತಿ ಹೋಯಿತು. ಲೋಕವೆಲ್ಲ ಈ ಪ್ರಯೋಗವನ್ನು ನೆನೆಯುತ್ತದೆ, ನ್ಯಾಯವೇ. ಆದರೆ ವಾಂಗ್ ಅವರ ಉಪಾಯದ ಚೆಲುವು ನನಗೆ ಇದಕ್ಕಿಂತ ಮಿಗಿಲೆನಿಸುತ್ತದೆ.

ಇಬ್ಬರ ಹಂಚಿಕೆ, ಮೂವರ ಹಂಚಿಕೆ ಎರಡನ್ನೂ ಒಂದೇ ಚಿತ್ರದಲ್ಲಿ ನೋಡಬೇಕೆಂದರೆ ಬ್ರಿಸ್ಟಲ್‌ಗೆ ಹೋಗಬೇಕು. 1947ರಲ್ಲಿ ಅಲ್ಲಿ ಸೆಸಿಲ್ ಪೊವೆಲ್ ಮತ್ತು ಸಂಗಡಿಗರು ಬೆಟ್ಟದ ತುದಿಯಲ್ಲಿಟ್ಟು ತಂದ ಛಾಯಾಚಿತ್ರದ ಫಲಕಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಬಾಹ್ಯಾಕಾಶದಿಂದ ಬಂದ ಕಿರಣಗಳು ಹುಟ್ಟಿಸಿದ ಪಯಾನ್ ಎಂಬ ಕಣ ನಿಂತಲ್ಲೇ ಒಡೆದು ಮ್ಯೂಯಾನ್ ಹೊರಡುತ್ತಿತ್ತು. ಆ ಮ್ಯೂಯಾನ್ ಎಳೆದ ಗೆರೆ ಯಾವಾಗಲೂ ಒಂದೇ ಉದ್ದ, ಸುಮಾರು 0.6 ಮಿಲಿಮೀಟರ್. ಉದ್ದ ಒಂದೇ ಎಂದರೆ ಶಕ್ತಿ ಒಂದೇ. ಶಕ್ತಿ ಒಂದೇ ಎಂದರೆ ಪಾಲುದಾರರು ಇಬ್ಬರೇ: ಕಾಣುವ ಮ್ಯೂಯಾನ್, ಕಾಣದ ನ್ಯೂಟ್ರಿನೊ. ಹಂಚಿಕೊಳ್ಳಲು ಇದ್ದದ್ದು 3 ಕೋಟಿ 39 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಮ್ಯೂಯಾನ್‌ಗೆ ಬಂದದ್ದು 41 ಲಕ್ಷ. ಉಳಿದ 2 ಕೋಟಿ 98 ಲಕ್ಷ ನ್ಯೂಟ್ರಿನೊ ಪಾಲು. ಹಗುರಾದವನ ದುರಾಸೆ ಇಲ್ಲಿಯೂ ತಪ್ಪಲಿಲ್ಲ. ಎರಡು ವರ್ಷ ಕಳೆದು ಇನ್ನೂ ಚುರುಕಾದ ಫಲಕಗಳು ಬಂದಾಗ ಮ್ಯೂಯಾನ್ ಕೂಡ ಒಡೆದು ಎಲೆಕ್ಟ್ರಾನ್ ಹೊರಡುವುದು ಕಂಡಿತು. ಆ ಎಲೆಕ್ಟ್ರಾನ್‌ಗಳ ಶಕ್ತಿ ಮಾತ್ರ ಒಂದೊಂದರದು ಒಂದೊಂದು. ಅಲ್ಲಿ ಪಾಲುದಾರರು ಮೂವರು, ಎಲೆಕ್ಟ್ರಾನ್ ಜೊತೆಗೆ ಎರಡು ನ್ಯೂಟ್ರಿನೊಗಳು.

ಪೊವೆಲ್ ಅವರ ಫಲಕದಲ್ಲಿ ನಡೆದದ್ದು ನಮ್ಮ ತಲೆಯ ಮೇಲಿನ ವಾಯುಮಂಡಲದಲ್ಲಿ ಹಗಲಿರುಳೂ ನಡೆಯುತ್ತಿದೆ. ಮೇಲೆ ಒಡೆದ ಪಯಾನ್‌ಗಳ ಪಾಲು ಹೊತ್ತ ಮ್ಯೂಯಾನ್‌ಗಳು, ನ್ಯೂಟ್ರಿನೊಗಳು ಎರಡೂ ಕೆಳಕ್ಕೆ ಬರುತ್ತವೆ. ಮ್ಯೂಯಾನ್‌ಗಳು ನೆಲದಲ್ಲಿ ಒಂದಿಷ್ಟು ಆಳ ಹೋಗಿ ನಿಲ್ಲುತ್ತವೆ. ಎಷ್ಟು ಆಳ ಎಂದು ಅಳೆಯಲು ಹೋಮಿ ಭಾಭಾ ಅವರು 1950ರ ದಶಕದ ಆರಂಭದಲ್ಲಿ ಕೋಲಾರದ ಗಣಿಗೆ ಕಳಿಸಿದ್ದು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರನ್ನು. ಚಿನ್ನಕ್ಕಾಗಿ ತೋಡಿದ ಗಣಿ ಭೌತವಿಜ್ಞಾನಿಗೆ ಬೇರೆಯೇ ನಿಧಿ. ಇಳಿದಂತೆಲ್ಲ ಮ್ಯೂಯಾನ್ ಕಡಿಮೆಯಾಗುತ್ತ ಹೋಯಿತು. 1960ರ ದಶಕದಲ್ಲಿ ಇನ್ನೂ ಕೆಳಗೆ ಅಳೆದಾಗ ವಾರಗಟ್ಟಲೆ ಕಾದರೂ ಒಂದೂ ಸಿಗದ ಆಳ ಬಂತು. ಆಗ ಹೊಳೆದದ್ದು, ಇಷ್ಟು ಸದ್ದಿಲ್ಲದ ಜಾಗದಲ್ಲಿ ನ್ಯೂಟ್ರಿನೊಗೆ ಕಾಯಬಹುದಲ್ಲ ಎಂದು.

ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹಮ್ ವಿಶ್ವವಿದ್ಯಾಲಯಗಳು ಕೈಜೋಡಿಸಿದವು. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2,300 ಮೀಟರ್ ಕೆಳಗೆ ಉಪಕರಣ ಹೂಡಿದರು. ಕಣ ಹಾದರೆ ಮಿನುಗುವ ಫಲಕಗಳು, ನಡುವೆ ಹಾದಿ ತೋರಿಸುವ ನಿಯಾನ್ ಕೊಳವೆಗಳು. ಇದರಲ್ಲಿ ಜಾಣತನವಿದ್ದದ್ದು ಫಲಕಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದ್ದರಲ್ಲಿ. ಮೇಲಿನಿಂದ ಬರುವ ಮ್ಯೂಯಾನ್ ಅಷ್ಟು ಆಳಕ್ಕೆ ಬರುವುದೇ ಅಪರೂಪ, ಬಂದರೂ ನೇರ ಕೆಳಮುಖವಾಗಿ ಬರಬೇಕು. ಅಡ್ಡಡ್ಡ ಬಂದರೆ ಅದು ಹತ್ತಾರು ಕಿಲೋಮೀಟರ್ ಬಂಡೆ ದಾಟಿರಬೇಕಾಗುತ್ತದೆ, ಸಾಧ್ಯವಿಲ್ಲ. ಆದ್ದರಿಂದ ಅಡ್ಡಡ್ಡ ಬಂದ ಮ್ಯೂಯಾನ್ ಅಲ್ಲೇ ಹತ್ತಿರದ ಬಂಡೆಯಲ್ಲಿ ನ್ಯೂಟ್ರಿನೊ ಬಡಿದು ಹುಟ್ಟಿದ್ದೇ. 1965ರಲ್ಲಿ ಅಂಥ ಮ್ಯೂಯಾನ್ ಸಿಕ್ಕಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಮನುಷ್ಯ ಗುರುತಿಸಿದ್ದು ಅದೇ ವರ್ಷ, ಎರಡು ಕಡೆ, ಹೆಚ್ಚುಕಡಿಮೆ ಒಟ್ಟಿಗೆ. ಒಂದು ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ರೈನ್ಸ್ ಅವರ ತಂಡ. ಇನ್ನೊಂದು ನಮ್ಮ ಕೋಲಾರ.

ಹಂಚಿಕೆಯ ಪತ್ರವನ್ನು ಇಂದಿಗೂ ಓದುತ್ತಿರುವವರಿದ್ದಾರೆ. ನ್ಯೂಟ್ರಿನೊದ ತೂಕ ಎಷ್ಟು ಎಂಬುದು ಈಗಿನ ಪ್ರಶ್ನೆ. ಅದನ್ನು ನೇರವಾಗಿ ತೂಗಲಾಗದು, ಆದರೆ ಅದು ಎಲೆಕ್ಟ್ರಾನ್‌ಗೆ ಎಷ್ಟು ಬಿಟ್ಟುಕೊಡುತ್ತದೆ ಎಂದು ನೋಡಬಹುದು. ಟ್ರಿಷಿಯಂ ಒಡೆದಾಗ ಎಲೆಕ್ಟ್ರಾನ್‌ಗೆ ಸಿಗಬಹುದಾದ ಗರಿಷ್ಠ ಶಕ್ತಿ ಸುಮಾರು 18,600 ಎಲೆಕ್ಟ್ರಾನ್ ವೋಲ್ಟ್. ನ್ಯೂಟ್ರಿನೊಗೆ ತೂಕವಿದ್ದರೆ, ಎಷ್ಟೇ ಉದಾರಿಯಾದರೂ ತನ್ನ ತೂಕಕ್ಕೆ ತಕ್ಕಷ್ಟು ಶಕ್ತಿಯನ್ನು ಇಟ್ಟುಕೊಂಡೇ ಹೊರಡಬೇಕು. ಆಗ ಗರಿಷ್ಠ ಮಿತಿ ಆ ಚೂರಿನಷ್ಟು ಕೆಳಗಿಳಿಯುತ್ತದೆ. ತೊಂದರೆಯೆಂದರೆ, ತುದಿಯ ಒಂದು ಎಲೆಕ್ಟ್ರಾನ್ ವೋಲ್ಟ್ ಒಳಗೆ ಬೀಳುವ ಎಲೆಕ್ಟ್ರಾನ್‌ಗಳು ಐದು ಲಕ್ಷ ಕೋಟಿಗೆ ಒಂದು.

ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ಕ್ಯಾಟ್ರಿನ್ ಎಂಬ ಪ್ರಯೋಗವನ್ನು ಕಟ್ಟಿದ್ದು ಅವನ್ನೇ ಹೆಕ್ಕಲು. ಅದರ ಮುಖ್ಯ ಪಾತ್ರೆ 23 ಮೀಟರ್ ಉದ್ದ, 10 ಮೀಟರ್ ಅಗಲ, ತೂಕ 200 ಟನ್. ಅದನ್ನು ಮಾಡಿದ ಊರು ಕಾರ್ಲ್ಸ್‌ರೂಹೆಯಿಂದ ನಾನೂರು ಕಿಲೋಮೀಟರ್ ಒಳಗೇ ಇದೆ. ಆದರೆ ರಸ್ತೆಯಲ್ಲಿ ತರಲಾಗದೆ 2006ರಲ್ಲಿ ಡ್ಯಾನ್ಯೂಬ್ ನದಿಗೆ ಇಳಿಸಿ, ಕಪ್ಪು ಸಮುದ್ರ, ಮೆಡಿಟರೇನಿಯನ್, ಅಟ್ಲಾಂಟಿಕ್ ಸುತ್ತಿಸಿ, ರೈನ್ ನದಿಯಲ್ಲಿ ಮೇಲಕ್ಕೆ ತಂದರು, ಸುಮಾರು 9,000 ಕಿಲೋಮೀಟರ್. 259 ದಿನಗಳ ಅಳತೆಯಲ್ಲಿ ಎಣಿಸಿದ 3 ಕೋಟಿ 60 ಲಕ್ಷ ಎಲೆಕ್ಟ್ರಾನ್‌ಗಳ ಮೇಲೆ ಅವರು 2025ರ ಏಪ್ರಿಲ್‌ನಲ್ಲಿ ಕೊಟ್ಟ ಉತ್ತರ: ನ್ಯೂಟ್ರಿನೊದ ತೂಕ 0.45 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆ. ಇದೇ ಅಳತೆಯಲ್ಲಿ ಎಲೆಕ್ಟ್ರಾನಿನ ತೂಕ 5 ಲಕ್ಷ 11 ಸಾವಿರ. ಅಂದರೆ ಪೌಲಿ ಕಲ್ಪಿಸಿದ ಪಾಲುದಾರ ಎಲೆಕ್ಟ್ರಾನಿಗಿಂತ ಕನಿಷ್ಠ ಹತ್ತು ಲಕ್ಷ ಪಟ್ಟು ಹಗುರ. ಸೊನ್ನೆಯಂತೂ ಅಲ್ಲ, ಅದು ಬೇರೆ ಪ್ರಯೋಗಗಳಿಂದ ಗೊತ್ತಾಗಿದೆ. 0.45ರ ಕೆಳಗೆ, ಸೊನ್ನೆಯ ಮೇಲೆ ಎಲ್ಲಿ ಎಂಬುದನ್ನು ಟ್ರಿಷಿಯಂನ ಆ ಕೊನೆಯ ಎಲೆಕ್ಟ್ರಾನ್‌ಗಳೇ ಹೇಳಬೇಕು.